‘ಅವಾಚ್ಯ ಶಬ್ದಗಳಿಂದ ಬೈದು’

ನನ್ನದು ಉಡುಪಿ ಜಿಲ್ಲೆಯ ಒಂದು ಪೇಟೆಯಲ್ಲಿ ಜೆರಾಕ್ಸ್ ಅಂಗಡಿ. ಬೋರ್ಡಿನಲ್ಲಿ ಜೆರಾಕ್ಸ್, ಲ್ಯಾಮಿನೇಷನ್ ಅಂತ ಇದ್ದರೂ ದಿನವಿಡೀ ಮಾಡುವುದು ಅರ್ಜಿ ಬರೆಯುವ ಕೆಲಸ. ನಾಡಕಚೇರಿಗೆ ಜಾತಿ-ಆದಾಯ, ಪಂಚಾಯತಿಗೆ ನಳ್ಳಿ ನೀರು, ತಾಲೂಕು ಕಚೇರಿಗೆ 94ಸಿ, ಅಂದರೆ ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಯ ಸಕ್ರಮ. ಹದಿನಾಲ್ಕು ವರ್ಷ ಆಯಿತು. ಯಾವ ಕಚೇರಿಗೆ ಯಾವ ಮಾತಿನಲ್ಲಿ ಬರೆದರೆ ಕಡತ ಮುಂದೆ ಹೋಗುತ್ತದೆ ಎಂಬುದು ಕೈಗೆ ಅಭ್ಯಾಸವಾಗಿದೆ. ಆದರೆ ಒಂದೇ ಒಂದು ಶಬ್ದವನ್ನು ಕಾಗದದ ಮೇಲೆ ಉಳಿಸಿಕೊಳ್ಳಲಿಕ್ಕೆ ಎಷ್ಟು ಓಡಾಡಬೇಕು ಅಂತ 2024ರ ಮಳೆಗಾಲದವರೆಗೆ ನನಗೆ ಗೊತ್ತಿರಲಿಲ್ಲ.

ಜುಲೈ ತಿಂಗಳು. ಸಂಜೆ ಆರೂವರೆಗೆ ಶಟರ್ ಎಳೆಯುವ ಹೊತ್ತಿಗೆ ಆ ಅಕ್ಕ ಬಂದರು. ಕೊರಗ ಸಮುದಾಯದವರು, ಐವತ್ತೈದು ದಾಟಿದ ಪ್ರಾಯ, ಬುಟ್ಟಿ ಹೆಣೆಯುವವರು. ಅವರ ಹೆಸರು, ಊರು ಇಲ್ಲಿ ಬರೆಯುವುದಿಲ್ಲ, ಕೇಸು ಇನ್ನೂ ನಡೆಯುತ್ತಾ ಉಂಟು. ಸೀರೆ ಮೊಣಕಾಲಿನವರೆಗೆ ಕೆಸರಾಗಿತ್ತು. ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲವನ್ನು ಮೇಜಿನ ಮೇಲೆ ಇಡಲಿಕ್ಕೆ ಹಿಂಜರಿದು ನೆಲದಲ್ಲೇ ಬಿಡಿಸಿದರು. ರೇಷನ್ ಅಕ್ಕಿ. ಒಂದೊಂದು ಕಾಳಿಗೂ ಕೆಂಪು ಮಣ್ಣು ಮೆತ್ತಿಕೊಂಡಿತ್ತು. ನಡುನಡುವೆ ಹುಲ್ಲು, ಯಾರೋ ಸೇದಿ ಎಸೆದ ಬೀಡಿಯ ತುಂಡು. “ಅಮ್ಮಾ, ಈ ಅಕ್ಕಿ ಬದಲಿಸಿ ಕೊಡಲಿಕ್ಕೆ ಒಂದು ಅರ್ಜಿ ಬರೆದು ಕೊಡ್ತೀರಾ?” ಅಂತ ತುಳುವಿನಲ್ಲಿ ಕೇಳಿದರು.

ನನಗಿಂತ ಹದಿನೈದು ವರ್ಷ ದೊಡ್ಡವರು ನನ್ನನ್ನು ‘ಅಮ್ಮ’ ಅನ್ನುವುದು. ಅಕ್ಕ ಅಂತಲೋ ಹೆಸರು ಹಿಡಿದೋ ಕರೆಯಿರಿ ಅಂತ ಎಷ್ಟು ಸಲ ಹೇಳಿದರೂ ಅವರ ನಾಲಗೆ ಹೊರಳುವುದಿಲ್ಲ.

ಅವರು ಬಂದದ್ದು ಅಕ್ಕಿಗಾಗಿ. ಅಕ್ಕಿ ಕೆಸರಿಗೆ ಬಿದ್ದದ್ದು ಹೇಗೆ ಅಂತ ನಾನು ಕೇಳಿದೆ, ಅಷ್ಟೆ. ಹೇಳಿಸಲಿಕ್ಕೆ ಅರ್ಧ ಗಂಟೆ ಹಿಡಿಯಿತು. ಪಡಿತರ ಕೊಡುವ ಅಂಗಡಿಯ ಮುಂದೆ ಸಾಲು ಇತ್ತು. ಇವರು ಅಕ್ಕಿ ತೆಗೆದುಕೊಂಡು ಹೊರಡುವಾಗ ಮಳೆ ಜೋರಾಯಿತು, ಎಲ್ಲರಂತೆ ಇವರೂ ಜಗಲಿ ಹತ್ತಿ ನಿಂತರು. ಸಾಲಿನಲ್ಲಿದ್ದ ಊರಿನ ಒಬ್ಬ ಅನುಕೂಲಸ್ಥ, ಆಚೀಚೆ ಜನ ಕೇಳುವ ಹಾಗೆ, “ಕೊರಪೊಳು, ಪಿದಾಯಿ ಪೋಲ” ಅಂದ. ಚೀಲವನ್ನು ಕಾಲಿನಿಂದ ಅಂಗಳಕ್ಕೆ ದೂಡಿದ. ಅದರ ಮೇಲೆ ಇನ್ನೆರಡು ಮಾತು ಹೇಳಿದ, ಅವನ್ನು ನಾನು ಬರೆಯುವುದಿಲ್ಲ. ಅಕ್ಕ ಮಳೆಯಲ್ಲಿ ಕುಳಿತು ಅಕ್ಕಿ ಬಾಚಿಕೊಂಡರು. ಜಗಲಿಯಲ್ಲಿ ಏಳೆಂಟು ಜನ ಇದ್ದರು.

ತುಳು ಬಾರದವರಿಗೆ ಅರ್ಥ ಹೇಳಬೇಕು. ಕೊರಪೊಳು ಅಂದರೆ ಕೊರಗ ಹೆಂಗಸು. ಪಿದಾಯಿ ಪೋಲ ಅಂದರೆ ಹೊರಗೆ ಹೋಗು. ಅಕ್ಷರಕ್ಕೆ ಅಷ್ಟೇ. ಆದರೆ ಈ ಊರಿನಲ್ಲಿ ಹುಟ್ಟಿದವರಿಗೆ ಅದರ ಹಿಂದೆ ಏನೇನುಂಟು ಅಂತ ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಅಜ್ಜಿಯ ಮನೆಯಲ್ಲಿ ಕೊರಗ ಸಮುದಾಯದವರಿಗೆ ಗಂಜಿ ಬಡಿಸುತ್ತಿದ್ದದ್ದು ದನದ ಹಟ್ಟಿಯ ಹಿಂದೆ, ತೆಂಗಿನ ಗೆರಟೆಯಲ್ಲಿ. ನಾನು ಚಿಕ್ಕವಳಿದ್ದಾಗ ಒಮ್ಮೆ ಆ ಗೆರಟೆ ಮುಟ್ಟಿದ್ದಕ್ಕೆ ಅಜ್ಜಿ ಮತ್ತೆ ಸ್ನಾನ ಮಾಡಿಸಿದ್ದರು. ಕೂದಲು, ಉಗುರು ಕಲಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವುದು, ಕಂಬಳಕ್ಕೆ ಮೊದಲು ಗದ್ದೆಯಲ್ಲಿ ಅವರನ್ನು ಕೋಣಗಳಂತೆ ಓಡಿಸುವುದು, ಇಂಥದ್ದನ್ನೆಲ್ಲ ಅಜಲು ಅನ್ನುತ್ತಿದ್ದರು. ಅದನ್ನು ನಿಲ್ಲಿಸಲಿಕ್ಕೆ ಕರ್ನಾಟಕದಲ್ಲಿ 2000ದಲ್ಲಿ ಪ್ರತ್ಯೇಕ ಕಾನೂನೇ ಮಾಡಬೇಕಾಯಿತು. ತೀರಾ ಹಳೆಯ ಕಾಲದ ಮಾತಲ್ಲ. ಆ ವರ್ಷ ನಾನು ಹೈಸ್ಕೂಲಿನಲ್ಲಿದ್ದೆ.

ಪೊಲೀಸ್ ಕಂಪ್ಲೇಂಟ್ ಕೊಡುವ ಅಂತ ನಾನು ಹೇಳಿದಾಗ ಅಕ್ಕ ಎದ್ದು ನಿಂತರು. “ಯಾನ್ ಬರ್ಪುಜಿ.” ನಾನು ಬರುವುದಿಲ್ಲ. ಆ ಹೆದರಿಕೆಗೆ ಕಾರಣ ಇತ್ತು. 2021ರ ಡಿಸೆಂಬರಿನಲ್ಲಿ ಬ್ರಹ್ಮಾವರ ತಾಲೂಕಿನ ಕೋಟತಟ್ಟಿನಲ್ಲಿ ಕೊರಗರ ಮೆಹಂದಿ ಮನೆಗೆ ಪೊಲೀಸರು ನುಗ್ಗಿ ಲಾಠಿ ಬೀಸಿದ್ದು, ಆಮೇಲೆ ಎಸ್‌ಐ ಅಮಾನತಾದದ್ದು, ತನಿಖೆ ಸಿಐಡಿಗೆ ಹೋದದ್ದು ಪೇಪರಿನಲ್ಲಿ ಎಲ್ಲರೂ ಓದಿದ್ದೇ. ನಮಗೆ ಅದು ಸುದ್ದಿ. ಅವರಿಗೆ ನೆಂಟರ ಮನೆಯ ಸಂಗತಿ. ಮದುಮಗನಿಗೇ ಹೊಡೆದವರು ನಮ್ಮ ಮಾತು ಕೇಳುತ್ತಾರಾ ಅಂತ ಅವರು ಕೇಳಿದಾಗ ನನ್ನ ಬಳಿ ಉತ್ತರ ಇರಲಿಲ್ಲ.

ಎರಡು ದಿನ ಕಳೆದು ಅವರೇ ಬಂದರು, ಮೊಮ್ಮಗಳನ್ನು ಕರೆದುಕೊಂಡು. ಹುಡುಗಿ ಪಿಯುಸಿ ಓದುತ್ತಿದ್ದಾಳೆ. ಅವಳೇ ಒತ್ತಾಯ ಮಾಡಿ ಕರೆತಂದದ್ದು ಅಂತ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಠಾಣೆಯಲ್ಲಿ ಸಾಹೇಬರು ಬಂದೋಬಸ್ತಿಗೆ ಹೋಗಿದ್ದರು. ಹೇಳಿಕೆ ಬರೆದುಕೊಳ್ಳಲಿಕ್ಕೆ ಕುಳಿತವರು ಬಾಗಲಕೋಟೆ ಕಡೆಯ ಒಬ್ಬ ಕಾನ್‌ಸ್ಟೆಬಲ್, ಇಪ್ಪತ್ತಾರು-ಇಪ್ಪತ್ತೇಳರ ಹುಡುಗ. ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳ ಠಾಣೆಗಳಲ್ಲಿ ಉತ್ತರ ಕರ್ನಾಟಕದ ಪೊಲೀಸರೇ ಜಾಸ್ತಿ. ನಮ್ಮ ಹುಡುಗರು ಮುಂಬೈ, ಬೆಂಗಳೂರು, ಗಲ್ಫ್ ಅಂತ ಹೋಗುತ್ತಾರೆ, ಖಾಕಿ ಹಾಕಲಿಕ್ಕೆ ಒಪ್ಪುವುದಿಲ್ಲ. ಹಾಗಾಗಿ ತುಳು, ಕೊಂಕಣಿ, ಬ್ಯಾರಿ, ಕುಂದಗನ್ನಡ ಮಾತಾಡುವ ಜನರ ದೂರನ್ನು ಈ ಯಾವ ಮಾತೂ ಬಾರದವರು ಬರೆದುಕೊಳ್ಳುತ್ತಾರೆ. ಅಕ್ಕನಿಗಂತೂ ತುಳುವೂ ಹೊರಗಿನ ಭಾಷೆ, ಮನೆಯೊಳಗೆ ಅವರು ಆಡುವುದು ಕೊರಗ ಭಾಷೆ. ಎಂದರೆ ಅವರ ಮಾತು ಕಾಗದ ಮುಟ್ಟುವಷ್ಟರಲ್ಲಿ ಎರಡು ಹೊಳೆ ದಾಟಬೇಕು.

“ಅಕ್ಕಾರ, ನನಗ ತುಳು ತಿಳಿಯಂಗಿಲ್ರಿ. ಕನ್ನಡದಾಗ ಹೇಳ್ರಿ” ಅಂದ ಹುಡುಗ. ಅಕ್ಕ ಹೇಳಿದ್ದನ್ನು ನಾನು ಕನ್ನಡಕ್ಕೆ ತಂದೆ. ಅವನು ಕಂಪ್ಯೂಟರಿನಲ್ಲಿ ಟೈಪ್ ಮಾಡಿದ. ಸಹಿಗೆ ಕಾಗದ ಮುಂದೆ ಮಾಡಿದಾಗ ಓದಿ ಹೇಳಿ ಅಂತ ಕೇಳಿದೆ. ಬಾಯಲ್ಲಿ ಹೇಳಿದ್ದನ್ನು ಬರೆದುಕೊಂಡರೆ ಸಹಿ ಹಾಕಿಸುವ ಮೊದಲು ಓದಿ ಹೇಳಲೇಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯ ನಾಲ್ಕನೇ ಕಲಮಿನಲ್ಲಿ ಅಧಿಕಾರಿಯ ಕರ್ತವ್ಯ ಅಂತಲೇ ಅದು ಇದೆ. ಹಿಂದಿನ ರಾತ್ರಿ ಆ ಕಾಯ್ದೆಯನ್ನು ಪ್ರಿಂಟ್ ತೆಗೆದು ಗೆರೆ ಎಳೆದು ಓದಿಕೊಂಡು ಹೋಗಿದ್ದೆ. ಅವನು ಓದಿದ: “…ಎದುರುದಾರರು ಪಿರ್ಯಾದಿದಾರರನ್ನು ಉದ್ದೇಶಿಸಿ ಅವಾಚ್ಯ ಶಬ್ದಗಳಿಂದ ಬೈದು, ಕೈಯಲ್ಲಿದ್ದ ಚೀಲವನ್ನು ದೂಡಿರುತ್ತಾರೆ.”

ಅವಾಚ್ಯ ಶಬ್ದಗಳಿಂದ ಬೈದು. ಈ ಮೂರು ಮಾತು ನಾನೇ ನೂರು ಅರ್ಜಿಗಳಲ್ಲಿ ಬರೆದಿದ್ದೇನೆ. ಗಂಡ ಹೆಂಡತಿ ಜಗಳಕ್ಕೆ, ಬೇಲಿ ಜಗಳಕ್ಕೆ, ಸಾಲದ ಜಗಳಕ್ಕೆ, ಎಲ್ಲದಕ್ಕೂ ಒಗ್ಗುವ ಮಾತು. ಕೆಟ್ಟ ಮಾತನ್ನು ಬರೆದು ಕೈ ಹೊಲಸು ಮಾಡಿಕೊಳ್ಳದೆ ದಾಟಿಹೋಗಲಿಕ್ಕೆ ಇರುವ ಕಾಲುಸಂಕ. ಆ ದಿನ ಅದು ಅಕ್ಕನ ದೂರನ್ನು ಹೇಗೆ ನುಂಗುತ್ತದೆ ಅಂತ ಕಣ್ಣಾರೆ ಕಂಡೆ. ಬರೀ ‘ಅವಾಚ್ಯ ಶಬ್ದ’ ಆದರೆ ಅದು ಭಾರತೀಯ ನ್ಯಾಯ ಸಂಹಿತೆಯ 352. ಅಸಂಜ್ಞೇಯ ಅಪರಾಧ, ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆಯನ್ನೇ ಮಾಡುವ ಹಾಗಿಲ್ಲ. ಒಂದು ಹಿಂಬರಹ ಕೊಟ್ಟು ಕಳಿಸಿದರೆ ಮುಗಿಯಿತು. ಅದೇ ಸಾರ್ವಜನಿಕರ ಕಣ್ಣೆದುರಿಗೆ ಜಾತಿ ಹೆಸರು ಹಿಡಿದು ಬೈದದ್ದು ಅಂತ ದಾಖಲಾದರೆ ದೌರ್ಜನ್ಯ ಕಾಯ್ದೆಯ 3(1)(ಆರ್) ಮತ್ತು 3(1)(ಎಸ್). ಎಫ್‌ಐಆರ್ ಆಗಲೇಬೇಕು, ಡಿವೈಎಸ್ಪಿಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ, 60 ದಿನದಲ್ಲಿ ಆರೋಪಪಟ್ಟಿ ಹೋಗಬೇಕು. ಎರಡರ ನಡುವೆ ಇರುವುದು ‘ಕೊರಪೊಳು’ ಎಂಬ ನಾಲ್ಕು ಅಕ್ಷರ. ಕನ್ನಡಕ್ಕೆ ತರುವಾಗ ಮೊದಲು ಬಿದ್ದುಹೋದದ್ದೂ ಅದೇ. ತಪ್ಪು ನನ್ನದೂ ಇತ್ತು. ಅಕ್ಕನ ಎದುರಿಗೆ ಆ ಮಾತನ್ನು ನನ್ನ ಬಾಯಿಂದ ಇನ್ನೊಮ್ಮೆ ಆಡುವುದು ಬೇಡ ಅಂತ, ‘ಜಾತಿ ಎತ್ತಿ ಕೆಟ್ಟದಾಗಿ ಬೈದ’ ಅಂತಷ್ಟೇ ಹೇಳಿದ್ದೆ.

ಆ ಶಬ್ದ ಇದ್ದ ಹಾಗೇ ಬರೆಯಿರಿ, ತುಳುವಿನಲ್ಲೇ, ಕನ್ನಡ ಅಕ್ಷರದಲ್ಲಿ, ಅಂದೆ. ಹುಡುಗನಿಗೆ ಅರ್ಥವಾಗಲಿಲ್ಲ. “ಇದ್ರಾಗ ಬೈಗುಳ ಎಲ್ಲಿ ಐತ್ರಿ? ಜಾತಿ ಹೆಸರು ಅಷ್ಟ ಅಲ್ರಿ?”

ಪಕ್ಕದ ಮೇಜಿನಿಂದ ಹೆಡ್ ಕಾನ್‌ಸ್ಟೆಬಲ್ ಮಾತು ಸೇರಿಸಿದರು. ಅವರು ಇಲ್ಲಿಯವರೇ, ಮನೆಮಾತು ತುಳು. “ಅದೆಂತ ದೊಡ್ಡ ಸಂಗತಿ ಅಲ್ಲ ಮಾರಾಯ. ಇಲ್ಲಿ ಮಾಮೂಲಿ ಕರೆಯುವುದೇ ಹಾಗೆ.”

ಅಕ್ಕ ನೆಲ ನೋಡುತ್ತಾ ಕುಳಿತಿದ್ದರು. ಬಾಗಲಕೋಟೆಯ ಹುಡುಗ ಅವರನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿ ಕೇಳಿದ: “ನಮ್ಮ ಕೇರಿ ಹೆಸರ ಹಿಡದು ಕರದಂಗ ಏನ್ರಿ ಇದು?” ಹೌದು ಅಂದೆ. ಅವನು ಮತ್ತೇನೂ ಕೇಳಲಿಲ್ಲ. ‘ಅವಾಚ್ಯ ಶಬ್ದಗಳಿಂದ’ ಅಂತ ಇದ್ದಲ್ಲಿಗೆ ಹೋಗಿ ಅಳಿಸಿ, ನನ್ನಿಂದ ಒಂದೊಂದೇ ಅಕ್ಷರ ಕೇಳಿ ಟೈಪ್ ಮಾಡಿದ. ಕೊ, ರ, ಪೊ, ಳು. ಳ ದೊಡ್ಡದಾ ಅಂತ ಕೇಳಿ ಖಾತ್ರಿ ಮಾಡಿಕೊಂಡ.

ಠಾಣೆಗಳಲ್ಲಿ ಸ್ಥಳೀಯ ಭಾಷೆ ಬಲ್ಲವರು ಇರಬೇಕು ಅಂತ ನಾವೆಲ್ಲ ಹೇಳುತ್ತೇವೆ. ನಾನೂ ಹೇಳುತ್ತೇನೆ. ಆದರೆ ಅಲ್ಲಿ ತುಳು ಬಲ್ಲವರ ಕಿವಿಗೆ ಆ ಮಾತು ತಾಗಲೇ ಇಲ್ಲ, ಬಾರದವನಿಗೆ ತಾಗಿತು. ಭಾಷೆ ಬಂದರೆ ಸಾಲದು, ಆ ಮಾತಿನ ಪೆಟ್ಟು ತಿಂದ ಮನೆಯಿಂದ ಬಂದವರೂ ಖಾಕಿಯೊಳಗೆ ಇರಬೇಕು. ಅಕ್ಕನ ಸಮುದಾಯದವರು ಆ ಠಾಣೆಯಲ್ಲಿ ಒಬ್ಬರೂ ಇರಲಿಲ್ಲ. ರಾಜ್ಯದಲ್ಲಿ ಪರಿಶಿಷ್ಟ ಪಂಗಡಕ್ಕೆ ಮೀಸಲಾತಿಯನ್ನು 2022ರಲ್ಲಿ ಶೇ. 3ರಿಂದ 7ಕ್ಕೆ ಏರಿಸಿದರು, ಸರಿ. ಆದರೆ 2011ರ ಜನಗಣತಿಯ ಪ್ರಕಾರ ರಾಜ್ಯದ ಪರಿಶಿಷ್ಟ ಪಂಗಡದವರು 42 ಲಕ್ಷದ ಮೇಲೆ, ಕೊರಗರು 15,000ದ ಆಸುಪಾಸು. ಅಷ್ಟು ದೊಡ್ಡ ಪಂಕ್ತಿಯಲ್ಲಿ ಕೊನೆಗೆ ಕುಳಿತವರ ಎಲೆಗೆ ಏನು ಬೀಳುತ್ತದೆ? ಕೇಂದ್ರ ಸರ್ಕಾರವೇ ವಿಶೇಷ ದುರ್ಬಲ ಬುಡಕಟ್ಟು ಅಂತ ಗುರುತಿಸಿದ ಜನ ಅವರು. ಕರ್ನಾಟಕದಲ್ಲಿ ಆ ಪಟ್ಟಿಯಲ್ಲಿರುವುದು ಜೇನುಕುರುಬರು ಮತ್ತು ಕೊರಗರು ಮಾತ್ರ.

ಹೇಳಿಕೆ ಬರೆದಾದ ಕೂಡಲೇ ಎಫ್‌ಐಆರ್ ಆಗಲಿಲ್ಲ. ಮರುದಿನ ಸಾಹೇಬರು ಸಿಕ್ಕಿದರು. ಆ ತಿಂಗಳ ಒಂದನೇ ತಾರೀಕಿಗಷ್ಟೇ ಹೊಸ ಕಾನೂನುಗಳು ಜಾರಿಗೆ ಬಂದಿದ್ದವು, ಗೋಡೆಯಲ್ಲಿ ಹಳೆ ಕಲಂ-ಹೊಸ ಕಲಂ ಪಟ್ಟಿ ಅಂಟಿಸಿದ್ದರು. ಮೂರು ವರ್ಷದಿಂದ ಏಳು ವರ್ಷದೊಳಗೆ ಶಿಕ್ಷೆ ಇರುವ ಅಪರಾಧಕ್ಕೆ 14 ದಿನ ಪ್ರಾಥಮಿಕ ವಿಚಾರಣೆ ಮಾಡಲಿಕ್ಕೆ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173(3)ರಲ್ಲಿ ಅವಕಾಶ ಉಂಟು, ಅವರನ್ನೂ ಕರೆಸಿ ಮಾತಾಡಿಸಿ ಒಂದು ಮುಚ್ಚಳಿಕೆ ಬರೆಸಿಕೊಳ್ಳುತ್ತೇವೆ, ಊರಿನಲ್ಲಿ ಒಟ್ಟಿಗೆ ಬಾಳಬೇಕಲ್ಲ, ಅಂದರು. ದೌರ್ಜನ್ಯ ಕಾಯ್ದೆಗೆ 2018ರಲ್ಲಿ ಸೇರಿಸಿದ 18ಎ ಕಲಂ ಇದೆ ಸರ್, ಎಫ್‌ಐಆರ್ ಮಾಡಲಿಕ್ಕೆ ಪ್ರಾಥಮಿಕ ವಿಚಾರಣೆ ಬೇಕಿಲ್ಲ ಅಂತ, ಅಂದೆ. “ನೀವು ಲಾಯರಾ?” ಅಂತ ಕೇಳಿದರು. ಅಲ್ಲ, ಜೆರಾಕ್ಸ್ ಅಂಗಡಿ. “ಮತ್ತೆ ನೀವ್ಯಾಕೆ ಬಂದದ್ದು?” ಸಂತ್ರಸ್ತರು ಸಮಾಜ ಕಾರ್ಯಕರ್ತರ, ಸಂಘಸಂಸ್ಥೆಗಳ, ವಕೀಲರ ನೆರವು ಪಡೆಯುವುದು ಅದೇ ಕಾಯ್ದೆಯ 15ಎ ಪ್ರಕಾರ ಅವರ ಹಕ್ಕು. ಅದನ್ನು ಹೇಳಬೇಕು ಅಂತ ಇದ್ದೆ. ಗಂಟಲು ಒಣಗಿ ಮಾತು ಹೊರಡಲಿಲ್ಲ. ಹೊರಗೆ ಬಂದು ಸ್ಕೂಟರಿನ ಕೀ ತಿರುಗಿಸಲಿಕ್ಕೂ ಕೈ ನಡುಗುತ್ತಿತ್ತು. ಪೇಟೆಯಲ್ಲಿ ಅಂಗಡಿ ಇರುವ, ಎಲ್ಲರ ಗುರುತು ಇರುವ ನನಗೇ ಹೀಗಾದರೆ ಒಬ್ಬರೇ ಬಂದ ಅಕ್ಕನ ಗತಿ ಏನಾಗುತ್ತಿತ್ತು?

ಕಾನೂನು ಸೇವೆಗಳ ಪ್ರಾಧಿಕಾರದಿಂದ ಒಬ್ಬ ವಕೀಲೆ ಸಿಕ್ಕಿದರು. ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ, 1987ರ ಕಾಯ್ದೆಯಿಂದಲೇ ಇದೆ, ನಮ್ಮಲ್ಲಿ ಎಷ್ಟೋ ಜನಕ್ಕೆ ಇದು ತಿಳಿದಿಲ್ಲ. ಅವರು ಹೇಳಿದಂತೆ ಸುರಕ್ಷಾ ಸಂಹಿತೆಯ 173(4)ರ ಅಡಿಯಲ್ಲಿ ಎಸ್ಪಿಯವರಿಗೆ ದೂರು ಬರೆದೆ. ಬನ್ನಂಜೆಯ ಎಸ್ಪಿ ಕಚೇರಿಗೆ ರಿಜಿಸ್ಟರ್ಡ್ ಪೋಸ್ಟ್, ಸ್ವೀಕೃತಿ ಚೀಟಿ ಸಮೇತ. ಮೊದಲನೇ ಸಾಲಿನಲ್ಲೇ ಆ ಮಾತು, ಉದ್ಧರಣ ಚಿಹ್ನೆಯೊಳಗೆ. ಅಕ್ಕ ನಾಲ್ಕನೇ ಕ್ಲಾಸಿನವರೆಗೆ ಓದಿದವರು, ನಿಧಾನವಾಗಿ ಅಕ್ಷರ ಕೂಡಿಸಿ ಓದುತ್ತಾರೆ. ಸಹಿ ಹಾಕುವ ಮೊದಲು ಆ ಸಾಲಿನ ಮೇಲೆ ಬೆರಳಿಟ್ಟು ಓದಿದರು. ಬೆರಳು ಅಲ್ಲೇ ನಿಂತಿತು. “ಇದನ್ನು ದೊಡ್ಡ ಸಾಹೇಬರು ಓದ್ತಾರಾ?” ಓದ್ತಾರೆ ಅಕ್ಕ, ಓದಬೇಕು ಅಂತಲೇ ಬರೆದದ್ದು, ಅಂದೆ.

ಆರನೇ ದಿನಕ್ಕೆ ಎಫ್‌ಐಆರ್ ಆಯಿತು.

ಆಮೇಲೆ ಮಹಜರು. ಡಿವೈಎಸ್ಪಿ ಬಂದು ಜಗಲಿ ಅಳೆಸಿ, ಫೋಟೋ ತೆಗೆಸಿದರು. ಮನೆಯ ನಾಲ್ಕು ಗೋಡೆಯೊಳಗೆ ಸಾಕ್ಷಿ ಇಲ್ಲದೆ ಆಡಿದ ಮಾತಿಗೆ ಈ ಕಲಂ ಅನ್ವಯಿಸುವುದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಯಾರು ಎಲ್ಲಿ ನಿಂತಿದ್ದರು, ಯಾರಿಗೆ ಕೇಳಿಸಿತು ಎಂಬುದೇ ಮುಖ್ಯ. ಏಳೆಂಟು ಜನರಲ್ಲಿ ಯಾರಿಗೂ ಕೇಳಿಸಿರಲಿಲ್ಲ. ಮಳೆಯ ಶಬ್ದ ಅಂದರು. ಫೋನಿನಲ್ಲಿದ್ದೆ ಅಂದರು. ಅವರಲ್ಲಿ ಇಬ್ಬರು ನನ್ನ ಅಂಗಡಿಗೆ ದಿನಾ ಬರುವವರು. ಅವರ ಮುಖ ನೋಡಿ ಮಾತಾಡಲಿಕ್ಕೆ ನನಗೆ ಇವತ್ತಿಗೂ ಕಷ್ಟ ಆಗುತ್ತದೆ.

ಕೊನೆಗೆ ಕೇಳಿಸಿತು ಅಂತ ಹೇಳಿದ್ದು ಒಬ್ಬ ರಿಕ್ಷಾದವರು. ಬಾಡಿಗೆ ಬಿಟ್ಟು ಮಳೆಗೆ ಜಗಲಿ ಹತ್ತಿರ ನಿಲ್ಲಿಸಿಕೊಂಡಿದ್ದರಂತೆ. ಬ್ಯಾರಿ ಸಮುದಾಯದವರು, ಕರಾವಳಿಯ ಮುಸ್ಲಿಮರು. ಮನೆಯಲ್ಲಿ ಬ್ಯಾರಿ, ಪೇಟೆಯಲ್ಲಿ ತುಳು, ಪೊಲೀಸರ ಹತ್ತಿರ ಕನ್ನಡ. “ನಾನು ಹೇಳಿದರೆ ಊರಿನ ಜಗಳಕ್ಕೆ ಬೇರೆ ಬಣ್ಣ ಬರ್ತದೆ ಅಂತ ಹೆಂಡತಿ ಹೆದರ್ತಾಳೆ ಟೀಚರೇ” ಅಂದರು ನನಗೆ (ಒಂದು ಕಾಲದಲ್ಲಿ ಟ್ಯೂಷನ್ ಹೇಳುತ್ತಿದ್ದೆ, ಆ ಹೆಸರು ಉಳಿದಿದೆ). ಈ ಕರಾವಳಿಯಲ್ಲಿ ಆ ಹೆದರಿಕೆ ಏನು ಅಂತ ಬಿಡಿಸಿ ಬರೆಯಬೇಕಾಗಿಲ್ಲ. ಎರಡು ದಿನ ಬಿಟ್ಟು ತಾವೇ ಹೋಗಿ ಹೇಳಿಕೆ ಕೊಟ್ಟು ಬಂದರು.

ಮ್ಯಾಜಿಸ್ಟ್ರೇಟರ ಎದುರಿಗೆ ಅಕ್ಕನ ಹೇಳಿಕೆ ಆಗಸ್ಟಿನಲ್ಲಿ ಆಯಿತು. ಹಳೆಯ ಕಾನೂನಿನಲ್ಲಿ ಅದು 164ನೇ ಕಲಂ, ಈಗ 183. ನನ್ನನ್ನು ಒಳಗೆ ಬಿಡಲಿಲ್ಲ, ಬಿಡುವ ಕ್ರಮವೂ ಇಲ್ಲ. ಹೊರಗೆ ಬೆಂಚಿನ ಮೇಲೆ ಮುಕ್ಕಾಲು ಗಂಟೆ ಕುಳಿತೆ. ಅಕ್ಕ ಹೊರಗೆ ಬಂದು ಮೊದಲು ಹೇಳಿದ ಮಾತು, “ಕುರ್ಚಿ ಕೊಟ್ಟರು.” ಯಾವ ಭಾಷೆಯಲ್ಲಿ ಹೇಳುತ್ತೀರಿ ಅಂತ ನ್ಯಾಯಾಧೀಶರು ಕೇಳಿದರಂತೆ. ತುಳು ಅಂದದ್ದಕ್ಕೆ ತುಳು ಬಲ್ಲ ಸಿಬ್ಬಂದಿಯನ್ನು ಕರೆಸಿದರಂತೆ. ಆ ಮಾತು ಬಂದಾಗ ಅದನ್ನು ಎರಡು ಸಲ ಕೇಳಿ, ಹಾಗೇ ಬರೆಸಿ, ಪಕ್ಕದಲ್ಲಿ ಕನ್ನಡದ ಅರ್ಥ ಬೇರೆ ಬರೆಸಿದರಂತೆ. ಇಷ್ಟೇ ಬೇಕಾಗಿದ್ದದ್ದು. ಠಾಣೆಯಲ್ಲಿ ಮೊದಲ ದಿನವೇ ಆಗಬಹುದಾಗಿತ್ತು.

ಪರಿಹಾರದ ವಿಷಯ ಹೆಚ್ಚು ಹೇಳುವುದಿಲ್ಲ. ಈ ಕಲಂಗಳಿಗೆ ಒಂದು ಲಕ್ಷ ರೂಪಾಯಿ. ಎಫ್‌ಐಆರ್ ಹಂತದಲ್ಲಿ ಶೇ. 25, ಆರೋಪಪಟ್ಟಿ ಹೋದಾಗ ಶೇ. 50, ಶಿಕ್ಷೆಯಾದರೆ ಉಳಿದದ್ದು. ಏಳು ದಿನದೊಳಗೆ ನೆರವು ಸಿಗಬೇಕು ಅಂತ ನಿಯಮ. ಮೊದಲ 25,000 ಮೂರನೇ ತಿಂಗಳಿಗೆ ಬಂತು, ಖಾತೆಗೆ ಆಧಾರ್ ಜೋಡಣೆ ಸರಿ ಇಲ್ಲ ಅಂತ ನಾಲ್ಕು ಸಲ ತಿರುಗಿಸಿದ ಮೇಲೆ. ದುಡ್ಡು ಬಂದ ದಿನ ಊರಿನಲ್ಲಿ ಒಂದು ಮಾತು ಹುಟ್ಟಿತು, ದುಡ್ಡಿಗೋಸ್ಕರ ಕೇಸು ಹಾಕಿದ್ದು ಅಂತ. ಅಕ್ಕ ಅದರಲ್ಲಿ ಮನೆಯ ಮಾಡಿಗೆ ಶೀಟು ಹಾಕಿಸಿದರು.

ಎಸ್ಪಿ ಕಚೇರಿಯಲ್ಲಿ ನಡೆದ ಪರಿಶಿಷ್ಟರ ಕುಂದುಕೊರತೆ ಸಭೆಗೆ ಒಮ್ಮೆ ಹೋದೆ. ನನ್ನ ಸರದಿ ಬಂದಾಗ ಒಂದೇ ವಿಷಯ ಕೇಳಿದೆ. ಜಾತಿ ನಿಂದನೆಯ ದೂರು ಬರೆದುಕೊಳ್ಳುವಾಗ ಆಡಿದ ಶಬ್ದವನ್ನು ಆಡಿದ ಭಾಷೆಯಲ್ಲೇ ಕನ್ನಡ ಲಿಪಿಯಲ್ಲಿ ಬರೆಯಲು ಎಲ್ಲ ಠಾಣೆಗಳಿಗೆ ಸುತ್ತೋಲೆ ಕೊಡಿ, ಅವಾಚ್ಯ ಶಬ್ದ ಅಂತ ಮುಚ್ಚಬೇಡಿ. ಬರೆದುಕೊಂಡರು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಕೊರಗ ಸಂಘಟನೆಯ ಹುಡುಗನೊಬ್ಬ ಎದ್ದು, ನಮ್ಮ ಹುಡುಗರಿಗೆ ಕಾನ್‌ಸ್ಟೆಬಲ್ ಪರೀಕ್ಷೆಗೆ ಊಟ-ವಸತಿ ಸಮೇತ ತರಬೇತಿ ಕೊಡಿ, ಆಗ ಸುತ್ತೋಲೆ ಬೇಕಾಗುವುದಿಲ್ಲ ಅಂದ. ಅವನ ಮಾತು ನನ್ನದಕ್ಕಿಂತ ದೂರ ಹೋಗುವ ಮಾತು.

ಆರೋಪಪಟ್ಟಿ 60 ದಿನಕ್ಕೆ ಹೋಗಲಿಲ್ಲ, ಆದರೆ ಹೋಯಿತು. ಈಗ ಪ್ರಕರಣ ವಿಶೇಷ ನ್ಯಾಯಾಲಯದಲ್ಲಿದೆ, ಸಾಕ್ಷಿ ವಿಚಾರಣೆಗೆ ಬಂದಿದೆ. ಸಂತ್ರಸ್ತರಿಗೂ ಸಾಕ್ಷಿಗಳಿಗೂ ಪ್ರಯಾಣ ಭತ್ಯೆ, ದಿನದ ಕೂಲಿ ಕೊಡಬೇಕು ಅಂತ ನಿಯಮ ಇರುವುದರಿಂದ ಅಕ್ಕ ಬಸ್ಸಿನ ಟಿಕೇಟುಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಲಕೋಟೆಯಲ್ಲಿ ಜೋಡಿಸಿ ಇಟ್ಟಿದ್ದಾರೆ. ರಿಕ್ಷಾದವರು ತಮ್ಮ ಲೆಕ್ಕ ಕೇಳಿದರೆ ಕೈ ಆಡಿಸಿಬಿಡುತ್ತಾರೆ.

ಹೋದ ವಾರ ಅಕ್ಕ ಅಂಗಡಿಗೆ ಬಂದಿದ್ದರು. ಎದುರು ಪಾರ್ಟಿಯ ವಕೀಲರು ಪಾಟೀಸವಾಲಿನಲ್ಲಿ ಏನು ಕೇಳಬಹುದು ಅಂತ ನಮ್ಮ ವಕೀಲೆ ಮೊದಲೇ ಹೇಳಿಕೊಟ್ಟಿದ್ದಾರೆ. ಕೊರಪೊಳು ಎಂಬುದು ನಿಮ್ಮ ಜಾತಿಯ ಹೆಸರೇ ಅಲ್ಲವಾ, ಜಾತಿ ಪ್ರಮಾಣಪತ್ರದಲ್ಲಿ ಕೊರಗ ಅಂತಲೇ ಬರೆಸಿದ್ದೀರಲ್ಲ, ಅದರಲ್ಲಿ ಬೈಗುಳ ಏನು ಬಂತು ಅಂತ ಕೇಳಬಹುದಂತೆ. ಏನು ಹೇಳುತ್ತೀರಿ ಅಕ್ಕ ಅಂತ ಕೇಳಿದೆ.

“ಹೇಳುವುದಿಲ್ಲ. ಅವರು ಹೇಳಿದ ಹಾಗೆ ಹೇಳಿ ತೋರಿಸ್ತೇನೆ” ಅಂದರು. ಅಂದು, ಬೆನ್ನು ನೆಟ್ಟಗೆ ಮಾಡಿ, ಗದ್ದ ಎತ್ತಿ, ಆ ಅನುಕೂಲಸ್ಥನ ದನಿಯಲ್ಲಿ ಆ ಮೂರು ಮಾತನ್ನು ಆಡಿದರು. ಮಾರ್ಕ್ಸ್‌ಕಾರ್ಡ್ ಜೆರಾಕ್ಸ್ ಮಾಡಿಸಲಿಕ್ಕೆ ನಿಂತಿದ್ದ ಕಾಲೇಜು ಹುಡುಗ ಬೆಚ್ಚಿ ಹಿಂದೆ ಸರಿದು ಬಾಗಿಲ ಹೊರಗೆ ಒಂದು ಕಾಲು ಇಟ್ಟಿದ್ದ.